ಕಾಗೆ ಮುಟ್ಟಿದೆ

ಜನವರಿ 11, ಭಾನುವಾರ

ಇವತ್ತು ಕನ್ನಡ ತರಗತಿಗೆ ಬಂದವರು ಮೂರೇ ಮಕ್ಕಳು. ನೋಯ್ಡಾದ ಚಳಿಗೆ ಹೆದರಿ ಉಳಿದವರೆಲ್ಲ ರಜಾಯಿಯೊಳಗೆ. ಬಂದವರಲ್ಲಿ ಒಬ್ಬಳು ನನ್ನ ಮಗಳು ಸುಪ್ರೀತಾ. ಅವಳನ್ನು ಸೊಸೈಟಿಯ ಕ್ಲಬ್ ಹೌಸಿನವರೆಗೆ ಹೆಚ್ಚುಕಡಿಮೆ ಎಳೆದೇ ತಂದದ್ದು. ಹನ್ನೊಂದನೇ ಕ್ಲಾಸಿನ ಹುಡುಗಿ. ರಜೆಯಲ್ಲಿ ಏನು ಮಾಡಿದೆ ಎಂದು ಒಂದು ಪುಟ ಬರೆಯಲು ಹೇಳಿದರೆ ಪುಟದ ತುಂಬ ನಾನು. ನಾನು ಎದ್ದೆ, ನಾನು ತಿಂದೆ, ನಾನು ಮೆಟ್ರೋ ಹತ್ತಿದೆ. ಎಷ್ಟು ಸಲ ಬಡಿದುಕೊಳ್ಳುವುದು! ಇದೇನು ಇಂಗ್ಲಿಷೇ, ಪ್ರತಿ ವಾಕ್ಯಕ್ಕೂ ಒಂದು ನಾನು ತಂದು ನಿಲ್ಲಿಸಲು? 'ತಿಂದೆ' ಎಂದರೆ ಸಾಕು, ತಿಂದವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ.

"ಲೇಕಿನ್ ಮಮ್ಮಿ, ಕನ್‌ಫ್ಯೂಸ್ ಆಗಲ್ವಾ? ಯಾರು ಮಾಡಿದ್ದು ಅಂತ ಹೇಗೆ ಪತಾ ಚಲೇಗಾ?"

"ಕನ್ನಡ ಗೊತ್ತಿದ್ದವರಿಗೆ ಗೊತ್ತಾಗ್ತದೆ" ಎಂದೆ. ಉಳಿದ ಇಬ್ಬರು ನಕ್ಕರು. ಅವಳು ಮುಖ ಊದಿಸಿಕೊಂಡಳು.

ನಿನ್ನೆ ನಮ್ಮತ್ತೆಯ ವರ್ಷದ ತಿಥಿ. ಶನಿವಾರ ಬೇರೆ. ನಮ್ಮ ಹೋಟೆಲು 'ಪಡುಗಾಳಿ'ಯಲ್ಲಿ ಕೋಳಿ ಸಾರಿನ ಕೋರಿ ರೊಟ್ಟಿಗೆ ಕಾದು ನಿಂತ ಜನ ರಸ್ತೆಯವರೆಗೆ. ಇವರಿಗೂ ನನಗೂ ಹೋಟೆಲು ಬಿಟ್ಟು ಬರಲು ಆಗಲಿಲ್ಲ. ಹಾಗಾಗಿ ಬಾಲ್ಕನಿಯಲ್ಲಿ ಎಡೆ ಇಡುವ ಕೆಲಸ ನಾದಿನಿ ಅಹಲ್ಯಾಳ ಪಾಲಿಗೆ ಬಂತು. ಮದುವೆ ಆಗದೆ ಉಳಿದ ಹೆಣ್ಣು, ತಾಯಿಯ ಜೊತೆಗೇ ಇದ್ದವಳು. ತಾಯಿ ಹೋದ ಮೇಲೆ ಮೀನು ಮಾಂಸ ಬಿಟ್ಟಳು. ಹೋಟೆಲಿನ ಮಸಾಲೆ ಹುರಿದು ಕೊಡುತ್ತಾಳೆ, ಆದರೆ ಕೋಳಿ ಇರುವ ಕಡೆ ತಲೆ ಹಾಕುವುದಿಲ್ಲ.

ಮನೆಗೆ ಬಂದವಳು "ಕಾಗೆ ಬಂತಾ?" ಎಂದು ಕೇಳಿದೆ.

"ಬಂತು ಅತ್ತಿಗೆ, ಬಂತು" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ಈ ಊರಿನಲ್ಲಿ ಪಾರಿವಾಳದ ಕಾಟಕ್ಕೆ ಕಾಗೆ ಕಾಣಸಿಗುವುದೇ ಅಪರೂಪ. ಬಂದದ್ದೇ ದೊಡ್ಡದು. ನಮ್ಮತ್ತೆ ಇದ್ದಾಗಲೂ ಕರೆದ ಕೂಡಲೇ ಬಂದವರಲ್ಲ.

ಜನವರಿ 16, ಶುಕ್ರವಾರ

ಅಹಲ್ಯಾಳಿಗೆ ಜ್ವರ. ಮಾರ್ಕೆಟಿನ ಡಾಕ್ಟರು ಅವಳ ಮುಖವನ್ನೂ ಸರಿಯಾಗಿ ನೋಡದೆ "ವೈರಲ್ ಹೈ" ಎಂದ. ಈ ಊರಿನಲ್ಲಿ ಎಲ್ಲವೂ ವೈರಲ್ಲೇ. ಅದನ್ನು ಹೇಳುವುದಕ್ಕೆ ಆರು ವರ್ಷ ಓದಬೇಕೇ? ಕೆಮ್ಮು ಜಾಸ್ತಿ ಇದೆ ಎಂದರೆ ಕಿಟಕಿಯ ಹೊರಗಿನ ಹೊಗೆ ತೋರಿಸಿ ಕೈಚೆಲ್ಲಿದ.

ಜನವರಿ 18, ಭಾನುವಾರ

ಬೆಳಿಗ್ಗೆ ಅಹಲ್ಯಾಳ ತುಟಿ ನೀಲಿಯಾಗಿತ್ತು. ಆಸ್ಪತ್ರೆಗೆ ಸೇರಿಸಿದೆವು. ವಾರ್ಡಿನೊಳಗೆ ಯಾರನ್ನೂ ಬಿಡಲಿಲ್ಲ. ಇವರು ಕೌಂಟರಿನ ಸಾಲಿನಲ್ಲಿ, ಸುಪ್ರೀತಾಳ ಜೊತೆ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಒಳಗಿನಿಂದ ಒಬ್ಬ ಎಳೆಯ ಡಾಕ್ಟರು ಫೋನ್ ಮಾಡಿದ. ಪೇಶೆಂಟ್ ಹಿಂದಿಯಲ್ಲಿ ಮಾತಾಡುತ್ತಿಲ್ಲ, ಕೇಳುವುದನ್ನು ನೀವು ಕೇಳಿ ಹೇಳಿ ಎಂದ. ಉಸಿರಿಗೆ ಒದ್ದಾಡುವವಳಿಗೆ ಹಿಂದಿ ಎಲ್ಲಿಂದ ಬರಬೇಕು! ಸುಪ್ರೀತಾ ಫೋನ್ ಹಿಡಿದಳು, ಸ್ಪೀಕರ್ ಹಾಕಿದಳು.

ಕೋಳಿ, ಬಾತುಕೋಳಿ ಏನಾದರೂ ಮುಟ್ಟಿದ್ದಾರಾ ಎಂದು ಮೊದಲು ಕೇಳಿದ.

"ಬುಆ, ಕೋಳಿ ಮುಟ್ಟಿದ್ದೀರಾ? ಡಕ್?"

ಸೋದರತ್ತೆಯನ್ನು ಅತ್ತೆ ಎನ್ನು ಎಂದು ಎಷ್ಟು ಹೇಳಿದರೂ ಅವಳಿಗೆ ಬುಆ ಎಂದೇ ಬಾಯಿಗೆ ಬರುವುದು. ಆ ಕಡೆಯಿಂದ ಅಹಲ್ಯಾ "ಕೋಳಿ... ಇಲ್ಲ" ಎಂದಳು. ಮಾಸ್ಕಿನೊಳಗಿನ ಮಾತು, ಅರ್ಧ ಗಾಳಿ.

ಡಾಕ್ಟರಿಗೆ ಅವಸರ. ಉಸಿರು ಬಿಡದೆ ಮುಂದಿನದಕ್ಕೆ ಹೋದ, ಪ್ರೆಗ್ನೆಂಟ್ ಏನಾದರೂ, ಲಾಸ್ಟ್ ಪೀರಿಯಡ್ ಯಾವಾಗ ಎಂದು. ಮದುವೆಯಾಗದ ಹೆಂಗಸನ್ನು ಕೇಳುವ ರೀತಿಯೇ ಇದು? ಸುಪ್ರೀತಾ ಅದನ್ನು ಹೇಗೆ ಕೇಳಲಿ ಎಂದು ನನ್ನ ಮುಖ ನೋಡುವಷ್ಟರಲ್ಲಿ ಅಹಲ್ಯಾಳೇ ಹೇಳಿದಳು:

"ಕಾಗೆ ಮುಟ್ಟಿದೆ."

ನಮ್ಮ ಬುದ್ಧಿವಂತೆ ತಕ್ಷಣ ಡಾಕ್ಟರಿಗೆ, "ಶೀ ಟಚ್ಡ್ ಎ ಕ್ರೋ!"

ಫೋನ್ ಕಸಿದುಕೊಂಡೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊರಗಾದಾಗ ಉಡುಪಿಯ ನನ್ನ ತವರಿನಲ್ಲಿ ಅಮ್ಮ, ದೊಡ್ಡಮ್ಮ ಎಲ್ಲ ಹೇಳುತ್ತಿದ್ದ ಮಾತು ಇದೇ. ಕಾಗೆ ಮುಟ್ಟಿದೆ, ನನ್ನ ಹತ್ತಿರ ಬರಬೇಡಿ ಎಂದು ಮಕ್ಕಳನ್ನು ದೂರ ಇಡುತ್ತಿದ್ದರು. ಎಂಥ ಮರ್ಯಾದೆಯ ಮಾತು. ಪಾಪ, ಆ ಸ್ಥಿತಿಯಲ್ಲೂ ಅಹಲ್ಯಾ ಮರ್ಯಾದೆ ಬಿಡಲಿಲ್ಲ.

"ನಹೀಂ ನಹೀಂ ಡಾಕ್ಟರ್ ಸಾಬ್, ಅದು ನಮ್ಮ ಕಡೆ ಹೇಳುವ ರೀತಿ. ಲೇಡೀಸ್ ಪ್ರಾಬ್ಲಂ" ಎಂದು ಹಿಂದಿಯಲ್ಲಿ ತಿಳಿಸಿದೆ.

"ಅಚ್ಛಾ, ಅಚ್ಛಾ. ತೋ ಕ್ರೋ ಹಟಾ ದೂಂ?"

"ಹಟಾ ದೀಜಿಯೇ" ಎಂದೆ. ಬರೆದುಕೊಂಡಿದ್ದ ಕಾಗೆಯನ್ನು ತೆಗೆದುಹಾಕಿದ.

ಸಂಜೆ ಉಡುಪಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದರೆ, ಇಷ್ಟು ಕಷ್ಟದಲ್ಲೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೆಹಲಿಯಲ್ಲಿ ಬೆಳೆದ ಮಕ್ಕಳ ಕನ್ನಡ ಇದು. ಅಕ್ಷರಕ್ಕೆ ಅಕ್ಷರ ಬರುತ್ತದೆ, ಅರ್ಥ ಬರುವುದಿಲ್ಲ.

ಜನವರಿ 22, ಗುರುವಾರ

ಹಕ್ಕಿಜ್ವರವಂತೆ. ಅದೂ ಇದುವರೆಗೆ ಮನುಷ್ಯರಲ್ಲಿ ಕಾಣದ ಹೊಸ ತಳಿಯಂತೆ. ಇಷ್ಟು ದಿನ ಬರೀ ನ್ಯುಮೋನಿಯಾದ ಮದ್ದು ಕೊಡುತ್ತಿದ್ದವರು ಇವತ್ತು ಗಾಬರಿಯಿಂದ ಬೇರೆ ಮದ್ದು ಶುರು ಮಾಡಿದ್ದಾರೆ. ಅಹಲ್ಯಾಳ ಗಂಟಲಿಗೆ ನಳಿಕೆ ಹಾಕಿ ನಿದ್ದೆ ಬರಿಸಿದ್ದಾರೆ. ಅವಳ ಬದಲು ಯಂತ್ರ ಉಸಿರಾಡುತ್ತಿದೆ.

ಮನೆಗೆ ಬಿಳಿ ಉಡುಪಿನವರು ಬಂದರು. ನಮ್ಮ ಮೂವರ ಮೂಗಿಗೂ ಗಂಟಲಿಗೂ ಕಡ್ಡಿ ಹಾಕಿದರು, ಮಾತ್ರೆ ಕೊಟ್ಟರು, ಹೊರಗೆ ಕಾಲಿಡಬೇಡಿ ಎಂದರು. 'ಪಡುಗಾಳಿ'ಗೆ ಬೀಗ ಜಡಿದು ಸೀಲ್ ಹಾಕಿದ್ದಾರೆ. ಅಡುಗೆಯ ಯೋಗೀಶನನ್ನೂ ಉಳಿದ ಕೆಲಸದವರನ್ನೂ ಬೇರೆ ಎಲ್ಲೋ ಕೂಡಿಹಾಕಿದ್ದಾರೆ.

ರೋಗದ ಮೂಲ ಹುಡುಕಲು ಬಂದವರು ಮಾಥುರ್ ಮೇಡಂ. ಕೂತು ಸಮಾಧಾನದಿಂದಲೇ ಕೇಳಿದರು: ಹಕ್ಕಿ ಎಲ್ಲಿಂದ ಬಂತು? ಕೋಳಿ, ಮೊಟ್ಟೆ, ಪಾರಿವಾಳ, ಪಂಜರದ ಗಿಣಿ? ಎಲ್ಲದಕ್ಕೂ ಇಲ್ಲ ಎಂದೆ. ಸುಳ್ಳು ಹೇಳುವ ಜನ ನಾವಲ್ಲ. ಅಹಲ್ಯಾ ಕೋಳಿಯ ಕಡೆ ತಿರುಗಿಯೂ ನೋಡುವುದಿಲ್ಲ ಎಂದೆ.

ಅವರು ಪೆನ್ನು ಕೆಳಗಿಟ್ಟರು. ಹಕ್ಕಿಯಿಂದ ಬಂದಿದ್ದರೆ ಈ ರೋಗ ಅಹಲ್ಯಾ ಒಬ್ಬರಲ್ಲೇ ನಿಲ್ಲಬಹುದು, ಹಕ್ಕಿಯೇ ಇಲ್ಲ ಎಂದಾದರೆ ಯಾರೋ ಮನುಷ್ಯರಿಂದ ಬಂದಿದೆ ಎಂದಾಯಿತು, ಹಾಗೆ ಹರಡಲು ಕಲಿತ ವೈರಸ್ಸು ಈ ಕಟ್ಟಡದಲ್ಲಿ ನಿಲ್ಲುವುದಿಲ್ಲ ಎಂದರು. "ಹಕ್ಕಿ ಸಿಗಲಿ ಎಂದು ದೇವರನ್ನು ಬೇಡಿಕೊಳ್ಳಿ" ಎಂದು ಎದ್ದು ಹೋದರು.

ಇದೆಂಥ ನ್ಯಾಯ? ಇಲ್ಲದ ಹಕ್ಕಿಯನ್ನು ಎಲ್ಲಿಂದ ತರುವುದು?

ಜನವರಿ 24, ಶನಿವಾರ

ಈ ಸೊಸೈಟಿಯ ಜನರಿಗೆ ನಾಚಿಕೆ ಎಂಬುದು ಇದೆಯೇ! ವಾಟ್ಸಾಪ್ ಗುಂಪಿನಲ್ಲಿ ನಮಗೆ 'ಚಿಕನ್‌ವಾಲೇ' ಎಂದು ಹೆಸರು. ನಾವು ಲಿಫ್ಟ್ ಬಳಸಬಾರದಂತೆ. ಮನೆಯಿಂದ ಹೊರಗೇ ಬರದವರಿಗೆ ಲಿಫ್ಟ್ ಯಾಕೆ, ಆ ಬುದ್ಧಿಯೂ ಇಲ್ಲ. ಬೇಯಿಸಿದ ಕೋಳಿಯಿಂದ ಇದು ಹರಡುವುದಿಲ್ಲ ಎಂದು ಮಾಥುರ್ ಮೇಡಂ ಸ್ವತಃ ಬಂದು ಹೇಳಿ ಹೋದರೂ ಯಾರ ಕಿವಿಗೂ ಬಿದ್ದಿಲ್ಲ. ತಿಂಗಳಿಗೆ ನಾಲ್ಕು ಸಲ ನಮ್ಮಲ್ಲಿ ಕೋರಿ ರೊಟ್ಟಿ ತಿಂದು ಕೈ ನೆಕ್ಕಿದ ಆರನೇ ಮಹಡಿಯ ಮಹಾಶಯ ಇವತ್ತು 'ಆ ವಾಸನೆಗೇ ನನಗೆ ಸಂಶಯ ಇತ್ತು' ಎಂದು ಬರೆದಿದ್ದಾನೆ.

ಯೋಗೀಶನ ಫೋಟೋ ಹಾಕಿದ್ದಾರೆ. ಹೋಟೆಲಿನ ಹಿಂಬಾಗಿಲಲ್ಲಿ ಕೋಳಿ ಹಿಡಿದು ನಿಂತದ್ದು, ಯಾವಾಗ ತೆಗೆದದ್ದೋ. ಕೆಳಗೆ 'ಇವನೇ' ಎಂದು ಬರೆದಿದೆ. ಅದೇ ಫೋಟೋವನ್ನು ಲಿಫ್ಟಿನ ಪಕ್ಕದ ಗೋಡೆಗೂ ಅಂಟಿಸಿ, ಈ ವ್ಯಕ್ತಿಗೆ ಪ್ರವೇಶವಿಲ್ಲ ಎಂದು ಹಾಕಿದ್ದಾರಂತೆ. ಯೋಗೀಶ ನಮ್ಮಲ್ಲಿಗೆ ಬಂದು ವರ್ಷಗಳಾದವು. ಹೆಂಡತಿ ಮಗು ಕಾರ್ಕಳದಲ್ಲಿ. ಅವನು ಬಾಡಿಗೆಗಿದ್ದ ಕೋಣೆಯ ಮಾಲೀಕ ಸಾಮಾನು ಹೊರಗಿಟ್ಟನಂತೆ.

ನಮಗೆ ಕೋಳಿ ಕೊಡುವ ಇರ್ಫಾನ್ ಭಯ್ಯಾನ ಫಾರ್ಮಿನ ಹಕ್ಕಿಗಳನ್ನೆಲ್ಲ ಕೊಂದು ಗುಂಡಿಗೆ ಹಾಕಿದರು. ಒಂದಕ್ಕೂ ರೋಗವಿರಲಿಲ್ಲ ಎಂದು ಫೋನಿನಲ್ಲಿ ಅತ್ತ. ಅವನ ಅಳು ಕೇಳಿ ಇವರು ಊಟ ಬಿಟ್ಟೆದ್ದರು.

ಜನವರಿ 27, ಮಂಗಳವಾರ

ತಡೆಯಲಾಗಲಿಲ್ಲ. ಯೋಗೀಶನಿಗೆ ಫೋನ್ ಮಾಡಿದೆ. ಹಕ್ಕಿ ಎಲ್ಲಿಂದಲಾದರೂ ಬಂದಿರಲೇಬೇಕಲ್ಲ! ಇವನೇ ಎಲ್ಲಿಂದಲೋ ಕಡಿಮೆಗೆ ಸಿಕ್ಕಿತೆಂದು ಜೀವಂತ ಕೋಳಿ ತಂದು, ಅಹಲ್ಯಾ ಮಸಾಲೆ ಹುರಿಯುವ ಜಾಗದಲ್ಲಿ ಇಟ್ಟಿರಬೇಕು. ಈಗ ಬಾಯಿ ಮುಚ್ಚಿ ಕೂತಿದ್ದಾನೆ.

"ನಿಜ ಹೇಳು ಯೋಗೀಶ. ಅಲ್ಲಿ ಒಬ್ಬಳು ಸಾಯ್ಲಿಕ್ಕೆ ಬಿದ್ದಿದ್ದಾಳೆ. ನೀನು ಎಂತದೋ ಮುಚ್ಚಿಡ್ತಾ ಇದ್ದಿ."

ಅವನು ಹೇಳಿದ, "ಅಕ್ಕ, ನಾನು ಕೋಳಿ ಕೊಯ್ಯುವವ. ಕೋಳಿ ಕೊಯ್ದೆ ಅಂತ ಹೇಳ್ಲಿಕ್ಕೆ ನನಗೆಂತ ನಾಚಿಕೆ? ನಾಚಿಕೆ ಇರುವವರು ಮುಚ್ಚಿಡ್ತಾರೆ."

ಎಷ್ಟು ಸೊಕ್ಕು! ಇಷ್ಟು ವರ್ಷ ಮನೆಯವನ ಹಾಗೆ ನೋಡಿಕೊಂಡದ್ದಕ್ಕೆ ಸಿಕ್ಕಿದ ಉತ್ತರ. ಫೋನ್ ಇಟ್ಟುಬಿಟ್ಟೆ.

ಇವರು ಸೋಫಾದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. "ಎಂತ ಮಾರಾಯ್ತಿ, ಅವನ ಕೋಣೆಯೂ ಹೋಯ್ತು, ಹೆಸರೂ ಹೋಯ್ತು. ನೀನೂ ಹೊಡೀಬೇಕಾ?" ಎಂದರು. ಮತ್ತೆ ತಾವೇ, ತಪ್ಪನ್ನು ಅವನ ಮೇಲೆ ಹಾಕಿದರೆ ಹೋಟೆಲಿನ ಬೀಗ ಬೇಗ ತೆಗೆಯಬಹುದು ಎಂದು ಯಾರೋ ಸೂಚಿಸಿದರು ಎಂದೂ ಹೇಳಿದರು. ಹಾಗೆ ಹೇಳಿ ನನ್ನ ಮುಖ ನೋಡಿದರು. ಬೇಡ ಎಂದು ನನ್ನ ಬಾಯಿಂದ ಬರಲಿಲ್ಲ.

ಇಷ್ಟು ಸಾಲದೆಂದು ಸುಪ್ರೀತಾ ಫೋನ್ ಹಿಡಿದು ಬಂದಳು. ಯಮುನಾ ಕಡೆಯ ಯಾವುದೋ ಪಾರ್ಕಿನಲ್ಲಿ ಕಾಗೆಗಳು ಸತ್ತು ಬೀಳುತ್ತಿವೆಯಂತೆ.

"ಮಮ್ಮಿ, ಬುಆ ಆವತ್ತು ಕಾಗೆ ಅಂದ್ರಲ್ಲ. ಆರ್ ಯೂ ಶೂರ್...?"

"ಮತ್ತೆ ಅದೇ! ಕನ್ನಡ ನಿನಗೆ ಎಷ್ಟು ಬರ್ತದೆ ಅಂತ ನಂಗೆ ಗೊತ್ತುಂಟು. ಹೋಗಿ ಓದಿಕೋ."

ಬಾಗಿಲು ಧಡಾರೆಂದು ಹಾಕಿಕೊಂಡಳು. ಹಾಕಿಕೊಳ್ಳಲಿ.

ಜನವರಿ 29

ಅಹಲ್ಯಾ ಹಾಗೆಯೇ ಇದ್ದಾಳೆ. ಏನೂ ಬರೆಯಲು ಮನಸ್ಸಿಲ್ಲ.

ಫೆಬ್ರವರಿ 3, ಮಂಗಳವಾರ

ನಳಿಕೆ ತೆಗೆದರು. ಬದುಕಿದಳು!

ಮಧ್ಯಾಹ್ನ ನರ್ಸಮ್ಮ ವಿಡಿಯೋ ಕಾಲ್ ಮಾಡಿಕೊಟ್ಟಳು. ಮೂವರೂ ಒಂದೇ ಫೋನಿಗೆ ತಲೆ ತೂರಿಸಿ ಅತ್ತೆವು. ಅಹಲ್ಯಾಳ ಮುಖ ಒಣಗಿ ಅಂಗೈಯಷ್ಟಾಗಿದೆ. ತುಟಿ ಅಲ್ಲಾಡುತ್ತಿತ್ತು, ಧ್ವನಿ ಇಲ್ಲ. ನರ್ಸಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದಳು.

"ಅತ್ತಿಗೆ, ಕರಿಬೇವಿನ ಗಿಡಕ್ಕೆ ನೀರು ಹಾಕಿದ್ದೀರಾ?"

ಸಾವಿನ ಬಾಯಿಂದ ಬಂದವಳು ಕೇಳುವ ಮೊದಲ ಮಾತೇ ಇದು? ಗಿಡ ಹಾಳಾಗಿ ಹೋಗಲಿ, ನೀನು ಮೊದಲು ಎದ್ದು ಬಾ ಎಂದು ಗದರಿದೆ.

"ಕೀಳಬೇಡಿ. ಅದರ ಬುಡದಲ್ಲಿ ಅಮ್ಮ ಇದ್ದಾರೆ."

ಜ್ವರ ತಲೆಗೇರಿದೆ ಎಂದುಕೊಂಡೆವು. ಇವರು ತುಳುವಿನಲ್ಲಿ ಮೆಲ್ಲನೆ ಏನೆಂದು ಕೇಳಿದರು. ಅಣ್ಣನಿಗೆ ಅವಳು ತುಂಡು ತುಂಡಾಗಿ ಹೇಳಿದಳು. ತಿಥಿಯ ದಿನ ಎಡೆ ಇಟ್ಟು ಕರೆದಾಗ ಒಂದು ಕಾಗೆ ಬಂತು. ತಿನ್ನಲಿಲ್ಲ, ಹಾರಲೂ ಇಲ್ಲ, ಬಾಲ್ಕನಿಯ ಸರಳಿನ ಮೇಲೆ ತೂಗಾಡಿ ಕೆಳಗೆ ಬಿತ್ತು. ಅಮ್ಮನೂ ಕಡೆಯ ದಿನಗಳಲ್ಲಿ ಹೀಗೇ ಊಟ ಬಿಟ್ಟಿದ್ದರಲ್ಲ. ಕರೆದ ಕೂಡಲೇ ಬಂದ ಅಮ್ಮನನ್ನು ಹಾಗೇ ಬಿಡುವುದು ಹೇಗೆ ಎಂದು ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು, ಬೆರಳಿನಿಂದ ಕೊಕ್ಕಿಗೆ ನೀರು ಬಿಟ್ಟಳು. ಸಂಜೆಗೆ ಸತ್ತಿತು. ಕಸದ ಗಾಡಿಗೆ ಹಾಕಲು ಮನಸ್ಸು ಬರಲಿಲ್ಲ. ಕರಿಬೇವಿನ ದೊಡ್ಡ ಕುಂಡದಲ್ಲಿ ಮಣ್ಣು ಮಾಡಿದಳು.

ನನ್ನ ಪಕ್ಕದಲ್ಲಿ ಸುಪ್ರೀತಾ ಏನೂ ಹೇಳಲಿಲ್ಲ. ತುಳು ಬರದಿದ್ದರೂ ಅವಳಿಗೆ ಎಲ್ಲ ಅರ್ಥವಾಗಿತ್ತು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

"ಇದನ್ನು ಆವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?" ಎಂದು ಫೋನಿಗೆ ಕೂಗಿದೆ.

"ಹೇಳಿದೆನಲ್ಲ ಅತ್ತಿಗೆ. ಕೋಳಿ ಇಲ್ಲ, ಕಾಗೆ ಮುಟ್ಟಿದೆ ಅಂತ."

"ನಾವು ಹಾಗೆ ಹೇಳುವುದು ಹೊರಗಾದಾಗ ಅಲ್ವಾ?"

ಅವಳಿಗೆ ಅರ್ಥವೇ ಆಗಲಿಲ್ಲ. ಕಣ್ಣು ಪಿಳಿಪಿಳಿ ಬಿಟ್ಟಳು. "ನಮ್ಮ ಮನೆಯಲ್ಲಿ ಹಾಗೆ ಯಾರೂ ಹೇಳುವುದಿಲ್ಲ" ಎಂದಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು, ಒಂದು ಸಲವೂ ಅವಳ ಬಾಯಲ್ಲಿ ಆ ಮಾತು ಕೇಳಿಲ್ಲ ಎಂಬುದು ಈಗ ಹೊಳೆಯುತ್ತಿದೆ. ಅದು ನನ್ನ ತವರಿನ ಮಾತು.

ಆದರೂ ಕೇಳುತ್ತೇನೆ, 'ಕಾಗೆಯನ್ನು' ಎಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಒಂದು 'ಅನ್ನು' ಸೇರಿಸಲು ಎಷ್ಟು ಉಸಿರು ಬೇಕು? ಆ ಡಾಕ್ಟರಾದರೂ ಕೋಳಿಯ ಪ್ರಶ್ನೆಗೆ ಉತ್ತರ ಮುಗಿಯುವ ಮೊದಲೇ ಬಸಿರಿನ ಪ್ರಶ್ನೆ ಯಾಕೆ ಕೇಳಬೇಕಿತ್ತು? ಮಾಸ್ಕಿನೊಳಗಿಂದ ಬಂದ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕೆಂಬ ಜವಾಬ್ದಾರಿ ಇಲ್ಲವೇ? ಮುಟ್ಟಿದ್ದು ಕಾಗೆಯೋ, ಕಾಗೆಯನ್ನು ಮುಟ್ಟಿದ್ದು ತಾನೋ ಎಂದು ತಿಳಿಯದಂತೆ ಎರಡಕ್ಕೂ 'ಮುಟ್ಟಿದೆ' ಎಂದು ಒಂದೇ ರೂಪ ಇಟ್ಟಿದೆಯಲ್ಲ ಈ ಭಾಷೆ, ಇದನ್ನು ಯಾರಿಗೆ ದೂರುವುದು?

ಸುಪ್ರೀತಾ ಹೇಳಿದ್ದಳು. 'ಶೀ' ಎಂದಿದ್ದಳು. ಮುಟ್ಟಿದ್ದು ಯಾರೆಂದು ಅವಳು ಮೊದಲ ದಿನವೇ ಹೇಳಿದ್ದಳು.

ಫೆಬ್ರವರಿ 4, ಬುಧವಾರ

ಬಿಳಿ ಉಡುಪಿನವರು ಕುಂಡವನ್ನೇ ಹೊತ್ತುಕೊಂಡು ಹೋದರು. ಬಾಲ್ಕನಿಯಲ್ಲಿ ದುಂಡಗಿನ ಒದ್ದೆ ಗುರುತು ಮಾತ್ರ ಉಳಿದಿದೆ. ಎಡೆ ಇಡುವ ಮೊದಲು ಅದೇ ಗಿಡದಿಂದ ಸಾರಿಗೆ ಎಲೆ ಕಿತ್ತಿದ್ದಳು ಅಹಲ್ಯಾ.

ಮಾಥುರ್ ಮೇಡಂ ನನ್ನನ್ನು ಕೂರಿಸಿ ಕೇಳಿದರು. ಈ ಕಾಗೆಯ ಸುದ್ದಿ ನಿಮಗೆ ಮೊದಲೇ ಗೊತ್ತಿತ್ತೇ ಎಂದು. ಗೊತ್ತಿರಲಿಲ್ಲ ಎಂದರೆ ಸುಳ್ಳಲ್ಲ. ಅಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಒಳಗಿನ ಕೋಣೆಯ ಬಾಗಿಲಲ್ಲಿ ಸುಪ್ರೀತಾ ನಿಂತಿದ್ದಳು. ಎಲ್ಲ ಹೇಳಿದೆ. ಹಟಾ ದೀಜಿಯೇ ಎಂದದ್ದೂ ಹೇಳಿದೆ. ಅವರು ಬೈದಿದ್ದರೆ ತಿರುಗಿ ಬೈಯಲು ಏನಾದರೂ ಸಿಗುತ್ತಿತ್ತು. ಅವರು ಬೈಯಲಿಲ್ಲ.

"ಆವತ್ತೇ ಗೊತ್ತಾಗಿದ್ದರೆ ಸರಿಯಾದ ಮದ್ದು ಆವತ್ತೇ ಶುರುವಾಗುತ್ತಿತ್ತು. ನಳಿಕೆ ಬೇಕಾಗುತ್ತಿರಲಿಲ್ಲವೇನೋ" ಎಂದರು. ಇನ್ನೂ ಎಷ್ಟೋ ದಿನ ಅಹಲ್ಯಾಳಿಗೆ ಮೆಟ್ಟಿಲು ಹತ್ತಲಾಗದು, ಮನೆಯಲ್ಲೂ ಆಕ್ಸಿಜನ್ ಬೇಕಾಗಬಹುದು ಎಂದೂ ಹೇಳಿದರು. ಹೊರಡುವಾಗ ಸುಪ್ರೀತಾಳ ಕಡೆ ತಿರುಗಿ, "ಬೇಟಾ, ನೀನು ಸರಿಯಾಗಿ ಕೇಳಿಸಿಕೊಂಡಿದ್ದೆ" ಎಂದರು.

ಅವಳು ಅದನ್ನು ದೊಡ್ಡದು ಮಾಡಲಿಲ್ಲ. "ಐ ಡೋಂಟ್ ನೋ ಎನಫ್ ಕನ್ನಡ, ಇಸೀಲಿಯೇ" ಎಂದಳು. ಕನ್ನಡ ಹೆಚ್ಚು ಬರದ ಕಾರಣಕ್ಕೇ ಸರಿ ಕೇಳಿಸಿತಂತೆ. ವ್ಯಂಗ್ಯವೋ ನಿಜವೋ ತಿಳಿಯಲಿಲ್ಲ. ತಿದ್ದಲು ಹೋಗಲಿಲ್ಲ.

ಫೆಬ್ರವರಿ 7, ಶನಿವಾರ

ಕಾಗೆಯಲ್ಲಿದ್ದ ವೈರಸ್ಸೂ ಅಹಲ್ಯಾಳಲ್ಲಿದ್ದದ್ದೂ ಒಂದೇ ಎಂದು ವರದಿ ಬಂತು. ನಮ್ಮ ಮೂವರಿಗೂ ಇಲ್ಲ, ಯೋಗೀಶನಿಗೂ ಇಲ್ಲ, ಯಾರಿಂದಲೂ ಯಾರಿಗೂ ಹರಡಿಲ್ಲ. ಹೋಟೆಲಿನ ಸೀಲ್ ತೆಗೆದರು. ನಾವೂ ಹೊರಗೆ ಹೋಗಬಹುದು. ಇವರು ಹೋಗಿ ಬಾಗಿಲು ತೆಗೆದು, ಖಾಲಿ ಅಡುಗೆಮನೆಯಲ್ಲಿ ನಿಂತು ನನಗೆ ಫೋನ್ ಮಾಡಿದರು. "ಯೋಗೀಶನನ್ನು ಕರೀಬೇಕಲ್ಲ. ನೀನೇ ಮಾತಾಡು" ಎಂದರು. ಇವರ ಜಾಣತನ ನೋಡಿ.

ಯೋಗೀಶ ಸರೋಜಿನಿ ನಗರದಲ್ಲಿ ಪರಿಚಯದವರ ಕೋಣೆಯಲ್ಲಿ ಇದ್ದಾನೆ. ಮೆಟ್ರೋ ಹಿಡಿದು ಹೋದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ, ಒಳಗೆ ಬನ್ನಿ ಎನ್ನಲಿಲ್ಲ. ಕಾಗೆಯ ವಿಷಯ ಹೇಳಿದೆ.

"ಗೊತ್ತಾಯ್ತು ಅಕ್ಕ. ನಿಮ್ಮ ಯಜಮಾನ್ರು ಮೆಸೇಜ್ ಹಾಕಿದ್ರು. ಕಾಗೆಯಿಂದ ಬಂತಂತೆ, ತಪ್ಪು ತಿಳುವಳಿಕೆಯಂತೆ."

"ಹೌದು."

"ಯಾರ ತಪ್ಪು ತಿಳುವಳಿಕೆ?"

ಉತ್ತರಕ್ಕೆ ಕಾದ. ಕೊನೆಗೆ ಹೇಳಿದೆ, "ನಾನು. ಅವಳು ಹೇಳಿದ್ದನ್ನು ನಾನು ತೆಗೆಸಿದ್ದು."

ತಲೆಯಾಡಿಸಿದ. "ಇದನ್ನು ಆ ಗ್ರೂಪಿನಲ್ಲಿ ಹಾಕ್ತೀರಾ? ನನ್ನ ಫೋಟೋ ಹಾಕಿದ್ರಲ್ಲ, ಅಲ್ಲಿ. ಕಾಗೆಯಿಂದ ಬಂತು ಅಂತ ಮಾತ್ರ ಹಾಕಿದ್ರೆ, ಮತ್ತೆ ಮೊದಲೇ ಯಾಕೆ ಹೇಳ್ಲಿಲ್ಲ, ಇವನೇ ಎಂತದೋ ಮುಚ್ಚಿಟ್ಟಿದ್ದಾನೆ ಅಂತಾರೆ. ಯಾಕೆ ಹೇಳ್ಲಿಲ್ಲ ಅಂತಲೂ ಹಾಕಬೇಕು."

"ಅದು ಹೇಗೆ ಯೋಗೀಶ, ಆ ವಿಷಯ ಎಲ್ಲರ ಎದುರಿಗೆ... ಗಂಡಸರೂ ಇದ್ದಾರೆ."

"ನನ್ನ ಮಗಳು ಆ ಫೋಟೋ ನೋಡಿದ್ದಾಳೆ" ಎಂದ. "ಅಪ್ಪ, ನಿಮ್ಮ ಕೆಳಗೆ ಎಂತ ಬರೆದಿದ್ದಾರೆ ಅಂತ ಕೇಳಿದ್ಲು."

ಬಾಗಿಲು ಮುಚ್ಚಿದ. ಮೆಟ್ರೋದಲ್ಲಿ ಬರುವಾಗ ನನಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವೂ ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಫೆಬ್ರವರಿ 8, ಭಾನುವಾರ

ಬೆಳಿಗ್ಗೆ ಸುಪ್ರೀತಾಳ ಹತ್ತಿರ ಕೂತೆ. ಹಿಂದಿಯಲ್ಲಿ ಬರೆಯಬೇಕು, ಸರಿಯಾಗಿ ಹೇಳಿಕೊಡು ಎಂದೆ. ಅವಳು ನನ್ನ ಮುಖ ನೋಡಿದಳು, ತಮಾಷೆಯಲ್ಲ ಎಂದು ಖಚಿತವಾದ ಮೇಲೆ ಕುರ್ಚಿ ಎಳೆದುಕೊಂಡಳು.

"ಮೈಂನೇ ಸೇ ಶುರು ಕರೋ ಮಮ್ಮಿ, ನಾನು ಅಂತ. ಯಾರು ಮಾಡಿದ್ದು ಅಂತ ಫಸ್ಟ್ ಬರಬೇಕು."

"ಆಯ್ತು. ಆ ಇನ್ನೊಂದು ಶಬ್ದಕ್ಕೆ ಏನು ಹೇಳೋದು? ಲೇಡೀಸ್ ಪ್ರಾಬ್ಲಂ ಎಂದರೆ ಸಾಕಲ್ಲ?"

"ಪ್ರಾಬ್ಲಂ ಅಲ್ಲ. ಮಾಹ್‌ವಾರಿ ಬರೀರಿ."

ಬರೆದೆ. ನನ್ನ ನಾದಿನಿ ಕಾಗೆ ಮುಟ್ಟಿದೆ ಎಂದು ಮೊದಲ ದಿನವೇ ಡಾಕ್ಟರಿಗೆ ಹೇಳಿದ್ದರು. ಅದು ಮಾಹ್‌ವಾರಿಗೆ ಹೇಳುವ ಮಾತು ಎಂದುಕೊಂಡು ನಾನು ಅದನ್ನು ತೆಗೆಸಿದೆ. ಅಡುಗೆಯ ಯೋಗೀಶ ಏನನ್ನೂ ಮುಚ್ಚಿಟ್ಟಿಲ್ಲ. ಇರ್ಫಾನ್ ಅವರ ಕೋಳಿಗಳಿಗೆ ರೋಗ ಇರಲಿಲ್ಲ. ಕೆಳಗೆ ನನ್ನ ಹೆಸರು, ಫ್ಲ್ಯಾಟ್ ನಂಬರು ಹಾಕಿ ಕಳಿಸಿದೆ.

ಚಹಾ ಕುದಿಯುವಷ್ಟರಲ್ಲಿ ಗುಂಪಿನ ಅಡ್ಮಿನ್ ಮಹಾಶಯ ಅದನ್ನು ಅಳಿಸಿದ್ದ. 'ಮೇಡಂ, ಫ್ಯಾಮಿಲಿ ಗ್ರೂಪ್ ಹೈ, ಐಸೀ ಬಾತೇಂ ಯಹಾಂ ನಹೀಂ' ಎಂದು, ಇಂಥ ಮಾತು ಇಲ್ಲಿ ಬೇಡವಂತೆ, ಮೇಲೆ ಕೈಮುಗಿದ ಚಿತ್ರ ಬೇರೆ! ಯೋಗೀಶನ ಫೋಟೋ ಎರಡು ವಾರದಿಂದ ಅಲ್ಲೇ ಕೂತಿದೆ, ಅದು ಫ್ಯಾಮಿಲಿಗೆ ನಡೆಯುತ್ತದೆ. ಒಬ್ಬನ ಬಾಳು ಹಾಳು ಮಾಡುವುದು ಮರ್ಯಾದೆ, ಮಾಹ್‌ವಾರಿ ಎಂದರೆ ಮರ್ಯಾದೆಗೇಡು! ಇವರ ಅಮ್ಮಂದಿರು ಇವರನ್ನು ಅಂಗಡಿಯಿಂದ ತಂದರೇ? ಮತ್ತೆ ಹಾಕಿದೆ. ಅಳಿಸಿದ. ಮತ್ತೆ ಹಾಕಿದೆ. ನನ್ನನ್ನು ಗುಂಪಿನಿಂದಲೇ ತೆಗೆದ.

ಸುಪ್ರೀತಾ ಅದನ್ನೇ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ತಂದಳು. ತರಗತಿಗೆ ಹೋಗುವ ದಾರಿಯಲ್ಲೇ ಲಿಫ್ಟಿನ ಪಕ್ಕ ನಿಂತು, ಯೋಗೀಶನ ಫೋಟೋ ಕಿತ್ತು, ಆ ಜಾಗದಲ್ಲಿ ಇದನ್ನು ಅಂಟಿಸಿದೆ. ಟೇಪ್ ಹರಿದು ಕೊಡುತ್ತಾ ಅವಳು "ಮಮ್ಮಿ, ಟೇಢಾ ಹೈ" ಎಂದಳು. ವಕ್ರವಾಗಿಯೇ ಇತ್ತು. ಅವಳೇ ಸರಿ ಮಾಡಿದಳು. ಅದರ ಫೋಟೋ ತೆಗೆದು ಯೋಗೀಶನಿಗೆ ಕಳಿಸಿದೆವು. ಅವನು ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ, ಬರುತ್ತಾನೋ ಇಲ್ಲವೋ ತಿಳಿಯದು.

ಅಷ್ಟರಲ್ಲಿ ಗಾರ್ಡ್ ಓಡಿ ಬಂದ. ಹಿಂದೆಯೇ ಆರನೇ ಮಹಡಿಯ ಮಹಾಶಯ, ಇನ್ನೂ ಇಬ್ಬರು. ಎಲ್ಲರೂ ಓದಿದರು. ಓದಿ ಮುಖ ಆ ಕಡೆ ತಿರುಗಿಸಿದರು.

"ಯೇ ಕಿಸನೇ ಲಗಾಯಾ?" ಇದನ್ನು ಅಂಟಿಸಿದ್ದು ಯಾರೆಂದು ಗಾರ್ಡ್ ಜೋರಾಗಿ ಕೇಳಿದ.

ಅವನಿಗೆ ಕನ್ನಡ ಬರುವುದಿಲ್ಲ ಎಂಬುದೂ ಮರೆತುಹೋಗಿತ್ತು.

"ನಾನು" ಎಂದೆ.